ಎಸ್‌ಎಟಿ ಅಂಕ ಬೇಡವೆಂದ ಮೇಲೆ ಯುಸಿ ನೋಡುವುದೇನನ್ನು?

ನವೆಂಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕುಪರ್ಟಿನೊ, ಸ್ಯಾನ್ ರಮೋನ್ ಕಡೆಯ ಕನ್ನಡ ಮನೆಗಳಲ್ಲಿ ಒಂದೇ ಮಾತು: ಯುಸಿ ಅರ್ಜಿ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಎಂಬ ಈ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿ ಇರುವ ಕ್ಯಾಂಪಸ್‌ಗಳು ಒಂಬತ್ತು. ಲಾಸ್ ಏಂಜಲೀಸ್ ಕ್ಯಾಂಪಸ್ ಒಂದಕ್ಕೇ ಇತ್ತೀಚಿನ ವರ್ಷಗಳಲ್ಲಿ 1.4 ಲಕ್ಷಕ್ಕೂ ಹೆಚ್ಚು ಅರ್ಜಿ ಬರುತ್ತಿವೆ. ಪ್ರವೇಶ ಸಿಗುವುದು ನೂರಕ್ಕೆ ಸುಮಾರು ಒಂಬತ್ತು ಮಂದಿಗೆ. ಈ ಕನ್ನಡ ಮನೆಗಳ ಅಪ್ಪ ಅಮ್ಮಂದಿರಲ್ಲಿ ಸಿಇಟಿ ಬರೆದು ಬಂದವರು ಬಹಳ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಕೂಡಿಸಿ ಒಂದು ರ‍್ಯಾಂಕ್ ಬರುತ್ತಿತ್ತು, ಆ ರ‍್ಯಾಂಕಿಗೆ ಒಂದು ಸೀಟು. ಪ್ರವೇಶ ಪರೀಕ್ಷೆಯೇ ಇಲ್ಲದ ಕಡೆ ಅವರಿಗೆ ದಿಕ್ಕು ತೋಚದಿರುವುದು ಸಹಜ. ದಿಕ್ಕು ತೋಚದಲ್ಲಿ ಗಾಳಿಮಾತು ಬೇಗ ಬೇರೂರುತ್ತದೆ. ಅದನ್ನು ನಂಬಿ ಮಕ್ಕಳ ಹೈಸ್ಕೂಲು ವರ್ಷಗಳು ನಲುಗುವುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

“ಬೇಡ ಅಂತಾರೆ ಸರಿ, ಆದ್ರೆ ಎಸ್‌ಎಟಿಯಲ್ಲಿ 1550 ಬಂದಿದ್ರೆ ಹಾಕೋದು ಒಳ್ಳೇದೇ ಅಲ್ವಾ?”

ಅಲ್ಲ. ಎಷ್ಟೇ ಬಂದಿರಲಿ, ಸೀಟು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅದನ್ನು ನೋಡುವುದಿಲ್ಲ.

ಗೊಂದಲಕ್ಕೆ ಕಾರಣವಿದೆ. 2020ರ ಮೇ ತಿಂಗಳಲ್ಲಿ ಯುಸಿಯ ಆಡಳಿತ ಮಂಡಳಿಯಾದ ರೀಜೆಂಟ್ಸ್ ಎಸ್‌ಎಟಿ, ಎಸಿಟಿ ಕಡ್ಡಾಯವನ್ನು ತೆಗೆದಾಗ, ಮೊದಲ ಎರಡು ವರ್ಷ ಬೇಕಾದವರು ಅಂಕ ಕೊಡಬಹುದು ಎಂದೇ ಇತ್ತು. ಆದರೆ ವಿದ್ಯಾರ್ಥಿಗಳೂ ಕೆಲವು ಸಂಘಟನೆಗಳೂ 2019ರಲ್ಲೇ ನ್ಯಾಯಾಲಯಕ್ಕೆ ಹೋಗಿದ್ದವು. 2021ರ ಮೇನಲ್ಲಿ ಆದ ರಾಜಿಯಂತೆ, ಕೊಟ್ಟರೂ ನೋಡುವಂತಿಲ್ಲ ಎಂದಾಯಿತು. ಅದೇ ವರ್ಷ ನವೆಂಬರಿನಲ್ಲಿ, ಬದಲಿ ಪರೀಕ್ಷೆಯೂ ಬೇಡ ಎಂದು ಯುಸಿ ತೀರ್ಮಾನಿಸಿತು. ಬೇಕಾದರೆ ಕೊಡಿ ಎನ್ನುವ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿ ಬೇರೆ ನೂರಾರಿವೆ, ಯುಸಿ ಆ ಸಾಲಿನದಲ್ಲ. ಕನಿಷ್ಠ ಅರ್ಹತೆಯನ್ನು ಪರ್ಯಾಯವಾಗಿ ಪೂರೈಸಲು, ಇಲ್ಲವೇ ಪ್ರವೇಶ ಸಿಕ್ಕ ಮೇಲೆ ಯಾವ ಹಂತದ ಕೋರ್ಸಿಗೆ ಸೇರಿಸಬೇಕು ಎಂದು ತೀರ್ಮಾನಿಸಲು ಮಾತ್ರ ಆ ಅಂಕ ಬಳಕೆಯಾಗಬಹುದು.

ಹಾಗೆಂದು ಎಸ್‌ಎಟಿ ಬರೆಯುವುದೇ ವ್ಯರ್ಥವಲ್ಲ. ಎಂಐಟಿ, ಸ್ಟ್ಯಾನ್‌ಫರ್ಡ್, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಮತ್ತೆ ಅಂಕ ಕೇಳುತ್ತಿವೆ. ನಿಮ್ಮ ಪಟ್ಟಿಯಲ್ಲಿ ಅಂಥವು ಇದ್ದರೆ ಮಗು ಬರೆಯಲಿ. ಪಟ್ಟಿಯಲ್ಲಿ ಯುಸಿ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ ಮಾತ್ರ ಇದ್ದರೆ, ಎರಡು ಬೇಸಿಗೆ ರಜೆಯನ್ನು ಕೋಚಿಂಗಿಗೆ ಸುರಿಯುವುದು ಅನ್ಯಾಯ.

“ಪರೀಕ್ಷೆ ಇಲ್ಲ ಅಂದ್ಮೇಲೆ ಇದು ಬರೀ ಲಾಟರಿ”

ಇದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತು, ಏಕೆಂದರೆ ಇದನ್ನು ನಂಬಿದವರು ಓದಬೇಕಾದ್ದನ್ನು ಓದದೆ ಕೈಚೆಲ್ಲುತ್ತಾರೆ. ಯುಸಿ ಅರ್ಜಿಯನ್ನು 13 ಅಂಶಗಳನ್ನಿಟ್ಟುಕೊಂಡು ಓದುತ್ತದೆ, ಆ ಪಟ್ಟಿಯನ್ನು ಬಹಿರಂಗವಾಗಿಯೇ ಇಟ್ಟಿದೆ. ಗ್ರೇಡ್, ತೆಗೆದುಕೊಂಡ ಕೋರ್ಸುಗಳ ಸಂಖ್ಯೆ ಮತ್ತು ಕಾಠಿಣ್ಯ, 12ನೇ ತರಗತಿಯ ಕೋರ್ಸುಗಳು, ವರ್ಷದಿಂದ ವರ್ಷಕ್ಕೆ ಕಂಡ ಸುಧಾರಣೆ, ವಿಶೇಷ ಪ್ರತಿಭೆ, ಮನೆಯ ಪರಿಸ್ಥಿತಿ ಎಲ್ಲವೂ ಅದರಲ್ಲಿವೆ.

ಅದರಲ್ಲೊಂದು ಅಂಶವನ್ನು ನಮ್ಮವರು ಗಮನಿಸುವುದೇ ಇಲ್ಲ. ಮಗುವಿನ ಸಾಧನೆಯನ್ನು ಆ ಮಗುವಿನ ಶಾಲೆಯಲ್ಲಿ ಏನೇನು ಸಿಗುತ್ತಿತ್ತು ಎನ್ನುವುದರ ಜೊತೆ ಇಟ್ಟು ನೋಡುತ್ತಾರೆ. ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕೋರ್ಸು ಇಪ್ಪತ್ತು ಇರುವ ಶಾಲೆಯಲ್ಲಿ ಐದು ತೆಗೆದುಕೊಂಡವಳೂ, ಐದೇ ಇರುವ ಶಾಲೆಯಲ್ಲಿ ಐದನ್ನೂ ತೆಗೆದುಕೊಂಡವಳೂ ಓದುವವರ ಕಣ್ಣಿಗೆ ಒಂದೇ ಅಲ್ಲ. ತನ್ನ ಹೈಸ್ಕೂಲಿನಲ್ಲೇ ಮೇಲಿನ ಶೇ. 9ರಲ್ಲಿ ಬರುವ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗೆ ಇನ್ನೊಂದು ಆಸರೆಯೂ ಇದೆ: ಅರ್ಜಿ ಹಾಕಿದ ಯಾವ ಕ್ಯಾಂಪಸ್ಸಿನಲ್ಲೂ ಸಿಗದಿದ್ದರೆ, ಜಾಗವಿರುವ ಬೇರೊಂದು ಕ್ಯಾಂಪಸ್ಸಿನಲ್ಲಿ ಸೀಟು ಕೊಡುತ್ತಾರೆ. ಹೆಸರಾಂತ ಹೈಸ್ಕೂಲು ಸಿಗಲೆಂದು ದುಬಾರಿ ಬಾಡಿಗೆಯ ಪ್ರದೇಶಕ್ಕೆ ಮನೆ ಬದಲಿಸುವವರು ಇದನ್ನು ಯೋಚಿಸಬೇಕು. ಅಲ್ಲಿ ಆ ಶೇ. 9ರೊಳಗೆ ನುಸುಳುವುದು ಎಷ್ಟೋ ಪಾಲು ಕಷ್ಟ.

“ಎಪಿ ಎಷ್ಟು ಹೆಚ್ಚೋ ಜಿಪಿಎ ಅಷ್ಟು ಹೆಚ್ಚು”

ಲೆಕ್ಕವನ್ನೇ ಹಾಕಿ ನೋಡೋಣ. ಗ್ರೇಡುಗಳ ಸರಾಸರಿಯಾದ ಜಿಪಿಎಯನ್ನು ಯುಸಿ ತಾನೇ ಲೆಕ್ಕ ಹಾಕುತ್ತದೆ, ಶಾಲೆಯ ರಿಪೋರ್ಟಿನಲ್ಲಿ ಇರುವುದು ಬೇರೆ. 9ನೇ ತರಗತಿ ಮುಗಿದ ಬೇಸಿಗೆಯಿಂದ 11ನೇ ತರಗತಿ ಮುಗಿದ ಬೇಸಿಗೆಯವರೆಗಿನ ಗ್ರೇಡುಗಳು ಮಾತ್ರ ಸೇರುತ್ತವೆ, ಅದೂ ಎ-ಜಿ ಎಂದು ಕರೆಯುವ ಮಾನ್ಯ ವಿಷಯಗಳದ್ದು. ಎ ಬಂದರೆ 4, ಬಿ ಬಂದರೆ 3. ಎ ಮೈನಸ್ ಕೂಡ ನಾಲ್ಕೇ, ಪ್ಲಸ್ ಮೈನಸ್ ಲೆಕ್ಕಕ್ಕಿಲ್ಲ. ಎಪಿ, ಐಬಿ, ಮಾನ್ಯ ಆನರ್ಸ್ ಕೋರ್ಸುಗಳಿಗೆ ಸೆಮಿಸ್ಟರಿಗೊಂದು ಹೆಚ್ಚುವರಿ ಅಂಕ. ಆದರೆ ಒಟ್ಟು ಎಂಟು ಸೆಮಿಸ್ಟರಿಗೆ ಅದು ನಿಂತಿತು, ಅದರಲ್ಲೂ 10ನೇ ತರಗತಿಯವು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ.

ಒಬ್ಬ ಹುಡುಗ ಈ ಎರಡು ವರ್ಷಗಳಲ್ಲಿ ಪ್ರತಿ ಸೆಮಿಸ್ಟರಿಗೆ ಐದು ವಿಷಯ ಓದಿದ ಎನ್ನಿ. ಇಪ್ಪತ್ತು ಗ್ರೇಡು. ಎಲ್ಲವೂ ಎ ಆದರೆ 80, ಹೆಚ್ಚುವರಿ 8, ಒಟ್ಟು 88. ಇಪ್ಪತ್ತರಿಂದ ಭಾಗಿಸಿದರೆ 4.4. ಅವನ ಗೆಳೆಯ ಎಂಟರ ಬದಲು ಹದಿನಾಲ್ಕು ಎಪಿ ಸೆಮಿಸ್ಟರು ಓದಿ, ಆ ಹೊರೆಯಲ್ಲಿ ನಾಲ್ಕು ಗ್ರೇಡು ಬಿಗೆ ಇಳಿದರೆ 4.2. ಮಿತಿ ಹಾಕದ ಲೆಕ್ಕವನ್ನೂ, ಹೆಚ್ಚುವರಿ ಇಲ್ಲದ ಲೆಕ್ಕವನ್ನೂ ಕ್ಯಾಂಪಸ್‌ಗಳು ನೋಡುತ್ತವೆ, ಕಠಿಣ ಕೋರ್ಸಿಗೆ ಬೆಲೆ ಇದ್ದೇ ಇದೆ. ಆದರೂ ರಾತ್ರಿ ಎರಡರವರೆಗೆ ಕೂತು ಆಸಕ್ತಿಯೇ ಇಲ್ಲದ ಮೂರನೇ ಎಪಿ ಓದುವ ಹದಿನಾರರ ಮಗುವಿಗೆ ಇದರಿಂದ ಸಿಗುವುದೇನು ಎಂದು ತಂದೆ ತಾಯಿ ಕೇಳಿಕೊಳ್ಳಲೇಬೇಕು.

9ನೇ ತರಗತಿಯ ಗ್ರೇಡು ಈ ಲೆಕ್ಕಕ್ಕೆ ಬರದಿದ್ದರೂ ಅರ್ಜಿಯಲ್ಲಿ ಕಾಣುತ್ತದೆ. ಆ ವರ್ಷ ಆರಿಸಿದ ಗಣಿತವೇ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. ಒಟ್ಟು 15 ಎ-ಜಿ ಕೋರ್ಸು ಬೇಕು, ಅವುಗಳಲ್ಲಿ 11 ಕೋರ್ಸು 12ನೇ ತರಗತಿಗೆ ಮೊದಲೇ ಮುಗಿದಿರಬೇಕು. ಚಿತ್ರಕಲೆ, ಸಂಗೀತ, ನಾಟಕದಂಥ ಒಂದು ವರ್ಷದ ಕಲಾ ಕೋರ್ಸೂ ಅದರೊಳಗೇ ಬರುತ್ತದೆ. ಎಂಜಿನಿಯರಿಂಗ್ ಗುಂಗಿನಲ್ಲಿರುವ ಮನೆಗಳಲ್ಲಿ ಮರೆತುಹೋಗುವುದು ಇದೇ.

“ಪ್ರಬಂಧ ಅಂದ್ರೆ ದೊಡ್ಡ ಸಾಹಸದ ಕತೆ ಇರ್ಬೇಕು”

ಯುಸಿ ಕೇಳುವುದು ಪ್ರಬಂಧವನ್ನಲ್ಲ, ಉತ್ತರವನ್ನು. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ 350 ಪದ ಮೀರದಂತೆ ಬರೆಯಬೇಕು. ಓದುವವರಿಗೆ ಬೇಕಿರುವುದು ಮಾಹಿತಿ: ನೀನು ಏನು ಮಾಡಿದೆ, ಯಾಕೆ ಮಾಡಿದೆ, ಅದರಿಂದ ಏನಾಯಿತು. ವಾರಕ್ಕೆರಡು ಸಂಜೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಅವರ ಕನ್ನಡವನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿ, ಮಾತ್ರೆಗಳ ಪಟ್ಟಿ ಬರೆದಿಟ್ಟ ಹುಡುಗಿಗೆ ಬರೆಯಲು ಬೇಕಾದಷ್ಟಿದೆ. ದುಡ್ಡು ಕಟ್ಟಿ ಹೋದ ಎರಡು ವಾರದ “ಸೇವಾ ಪ್ರವಾಸ” ಅದಕ್ಕಿಂತ ಮೇಲಲ್ಲ.

ಚಟುವಟಿಕೆಗಳಿಗೆ ಇಪ್ಪತ್ತು ಸಾಲಿನವರೆಗೆ ಜಾಗವಿದೆ. ವಾರಾಂತ್ಯದ ಕನ್ನಡ ತರಗತಿ, ಭರತನಾಟ್ಯದ ರಂಗಪ್ರವೇಶ, ಅಂಗಡಿಯಲ್ಲಿ ಮಾಡಿದ ಕೆಲಸ, ತಮ್ಮನನ್ನು ನೋಡಿಕೊಂಡ ಸಂಜೆಗಳು ಎಲ್ಲವನ್ನೂ ಬರೆಯಬಹುದು. ಇಪ್ಪತ್ತನ್ನೂ ತುಂಬಿಸಲೇಬೇಕೆಂದಿಲ್ಲ.

“ನಮ್ಮ ಮಕ್ಕಳಿಗೆ ಕೋಟಾ ಮಿತಿ ಇದೆ, ಏಷ್ಯನ್ನರಿಗೆ ಸೀಟು ಕಡಿಮೆ”

ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ ಪ್ರೊಪೊಸಿಷನ್ 209ರ ಪ್ರಕಾರ, ಯುಸಿ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ. ಅದನ್ನು ರದ್ದು ಮಾಡುವ ಪ್ರಸ್ತಾಪ 2020ರಲ್ಲಿ ಸೋತಿತು. ಅಪ್ಪ ಯುಸಿ ಬರ್ಕ್ಲಿಯಲ್ಲಿ ಓದಿದ್ದರೆ ಅನುಕೂಲ ಎನ್ನುವುದೂ ಸುಳ್ಳು, ಅದಕ್ಕೂ ಇಲ್ಲಿ ಬೆಲೆಯಿಲ್ಲ. ಬೇಗ ಅರ್ಜಿ ಹಾಕಿದರೆ ಲಾಭವೆಂಬುದೂ ಇಲ್ಲ, ಗಡುವಿನೊಳಗೆ ಹಾಕಿದರೆ ಸಾಕು.

ಕರ್ನಾಟಕದಿಂದಲೇ ಅರ್ಜಿ ಹಾಕುವವರಿಗೂ ಎಸ್‌ಎಟಿ ಲೆಕ್ಕಕ್ಕಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಗಳನ್ನು ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು, 4ರ ಲೆಕ್ಕಕ್ಕೆ ತಾವೇ ಪರಿವರ್ತಿಸಬಾರದು. ಇಂಗ್ಲಿಷ್ ಮಾಧ್ಯಮದಲ್ಲಿ ಮೂರು ವರ್ಷಕ್ಕಿಂತ ಕಡಿಮೆ ಓದಿದ್ದರೆ ಐಇಎಲ್‌ಟಿಎಸ್‌ನಂಥ ಭಾಷಾ ಪರೀಕ್ಷೆ ಬೇಕಾಗುತ್ತದೆ.

“ಪರೀಕ್ಷೆ ಹೋದದ್ದರಿಂದ ಯಾರಿಗೂ ನಷ್ಟವಿಲ್ಲ”

ಇದನ್ನು ಹೇಳುವವರೂ ಅರ್ಧ ಮಾತ್ರ ಹೇಳುತ್ತಿದ್ದಾರೆ. 2020ರಲ್ಲಿ ಯುಸಿಯ ಅಧ್ಯಾಪಕರ ಸಮಿತಿಯೇ, ಅಂಕಗಳಿಂದ ಉಪಯೋಗವಿದೆ, ಈಗಲೇ ಕೈಬಿಡುವುದು ಬೇಡ ಎಂದಿತ್ತು. ರೀಜೆಂಟ್ಸ್ ಬೇರೆ ದಾರಿ ಹಿಡಿದರು. 2025ರ ನವೆಂಬರಿನಲ್ಲಿ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ವರದಿಯೊಂದು, ಹೊಸದಾಗಿ ಸೇರಿದವರಲ್ಲಿ ಸುಮಾರು ಎಂಟಕ್ಕೊಬ್ಬರ ಗಣಿತ ಹೈಸ್ಕೂಲು ಮಟ್ಟಕ್ಕಿಂತ ಕೆಳಗಿದೆ ಎಂದಿತು. ಕೋವಿಡ್ ಕಾಲದ ಕಲಿಕೆ, ಉಬ್ಬಿದ ಗ್ರೇಡುಗಳು, ಪರೀಕ್ಷೆ ಕೈಬಿಟ್ಟದ್ದು ಎಲ್ಲವೂ ಅದರ ಕಾರಣಗಳ ಪಟ್ಟಿಯಲ್ಲಿವೆ. ಪೋಷಕರಿಗೆ ಇದರಲ್ಲಿ ನೇರವಾದ ಕೆಲಸವೊಂದಿದೆ. ರಿಪೋರ್ಟಿನಲ್ಲಿ ಎ ಇದ್ದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಿನ್ನರಾಶಿಯದ್ದೋ ಬೀಜಗಣಿತದ್ದೋ ಒಂದು ಲೆಕ್ಕ ಬಿಡಿಸಲು ಹೇಳಿ ನೋಡಬೇಕು.

“ಮಾರ್ಚಿನಲ್ಲಿ ಸಿಗದಿದ್ರೆ ಮುಗೀತು”

ಮುಗಿಯುವುದಿಲ್ಲ. ಯುಸಿ ಇಬ್ಬರು ಹೊಸ ವಿದ್ಯಾರ್ಥಿಗಳಿಗೆ ಒಬ್ಬರಂತೆ ವರ್ಗಾವಣೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಗುರಿ ಇಟ್ಟುಕೊಂಡಿದೆ, ಅವರಲ್ಲಿ ಬಹುಪಾಲು ರಾಜ್ಯದ ಕಮ್ಯುನಿಟಿ ಕಾಲೇಜುಗಳಿಂದ ಬರುವವರು. ಕುಪರ್ಟಿನೊದ ಡಿ ಆಂಜಾದಂಥ ಕಾಲೇಜಿನಲ್ಲಿ ಎರಡು ವರ್ಷ ಕಡಿಮೆ ಶುಲ್ಕದಲ್ಲಿ ಓದಿ ಮೂರನೇ ವರ್ಷಕ್ಕೆ ಯುಸಿ ಸೇರಬಹುದು, ಪದವಿ ಪತ್ರದಲ್ಲಿ ವ್ಯತ್ಯಾಸವೇನೂ ಇರುವುದಿಲ್ಲ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಕೋರ್ಸು, ಗ್ರೇಡು ಪೂರೈಸಿದವರಿಗೆ ಖಾತರಿ ಸೀಟಿನ ಒಪ್ಪಂದವನ್ನೇ ಕೊಡುತ್ತವೆ. ಎಲ್ಲ ವಿಷಯಗಳಿಗೂ ಅದು ಅನ್ವಯಿಸುವುದಿಲ್ಲ. ಮಗನಿಗೆ ಕಂಪ್ಯೂಟರ್ ಸೈನ್ಸೇ ಬೇಕಿದ್ದರೆ ಮೊದಲ ಸೆಮಿಸ್ಟರಿನಲ್ಲೇ ಕಾಲೇಜಿನ ಕೌನ್ಸೆಲರ್ ಹತ್ತಿರ ಕೂತು, ಯಾವ ಕ್ಯಾಂಪಸ್ಸಿನಲ್ಲಿ ಆ ವಿಷಯ ಒಪ್ಪಂದದೊಳಗೆ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು.