ನಂದಿಯ ತಪ್ಪಲಿನ ನಾಡು

ಹೆಬ್ಬಾಳವನ್ನು ದಾಟಿ ಉತ್ತರಾಭಿಮುಖವಾಗಿ ಹೊರಟವನಿಗೆ, ಯಲಹಂಕ ಹಿಂದಾದ ಮೇಲೆ, ದಿಗಂತದಲ್ಲಿ ನಂದಿಬೆಟ್ಟದ ನೀಲಿ ರೇಖೆ ಮೂಡತೊಡಗುತ್ತದೆ. ಸೂರ್ಯೋದಯವನ್ನು ಕಾಣಲೆಂದು ಹೋಗುವ ಬಹುಮಂದಿ ಬಿಸಿಲೇರುವ ಮುನ್ನವೇ ಹಿಂತಿರುಗುತ್ತಾರೆ. ಆದರೆ ಬೆಂಗಳೂರಿನ ಕುಲವನ್ನೂ ಜಲವನ್ನೂ ಅರಿಯಬಯಸುವವರು ಆ ತಪ್ಪಲಿನ ಊರುಗಳಲ್ಲಿ ಒಂದು ದಿನವಾದರೂ ಸಾವಧಾನವಾಗಿ ಸಂಚರಿಸಬೇಕು.

ದೇವನಹಳ್ಳಿಯ ಆಚೆಗಿರುವ ಆವತಿ ಇಂದು ಒಂದು ಸಣ್ಣ ಗ್ರಾಮ. ಯಲಹಂಕ ನಾಡಪ್ರಭುಗಳ ಪೂರ್ವಿಕರು ವಲಸೆ ಬಂದು ನೆಲೆಸಿದ್ದು ಇಲ್ಲಿಯೇ ಎಂಬುದು ಪರಂಪರೆಯ ಮಾತು. ಆವತಿಯ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಯಲಹಂಕದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿಗೆ ಅಡಿಪಾಯ ಹಾಕಿದನು. ಟಿಪ್ಪುವಿನ ಜನ್ಮಸ್ಥಳವೂ ದೇವನಹಳ್ಳಿಯೇ. ಆ ಕೋಟೆಯೂ ನಂದಿದುರ್ಗವೂ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾದವು.

ಆದರೆ ಈ ನಾಡಿನ ಹಿರಿಮೆ ಕೋಟೆಗಳಷ್ಟರಲ್ಲೇ ಮುಗಿಯುವುದಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಇತಿಹಾಸ 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಸಮೀಪದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಹುಟ್ಟೂರು. ಪೂರ್ವಕ್ಕೆ ಸರಿದರೆ ಕೈವಾರ. ಬಳೆಯ ವ್ಯಾಪಾರ ಬಿಟ್ಟು ಯೋಗಿಯಾದ ತಾತಯ್ಯನವರು ತಪಸ್ಸು ಮಾಡಿದ ಗುಹೆ ಅಲ್ಲಿನ ನರಹರಿ ಬೆಟ್ಟದಲ್ಲಿದೆ. ಕನ್ನಡ, ತೆಲುಗುಗಳೆರಡರಲ್ಲೂ ಹಾಡಿದ ಅವರ ವಾಣಿಗೆ ಈ ಗಡಿಸೀಮೆಯ ನೆಲವೇ ತಕ್ಕ ನೆಲ.

ಊರೂರುಗಳ ನಡುವೆ ದ್ರಾಕ್ಷಿಯ ತೋಟಗಳು. ಬೆಟ್ಟದ ಕಲ್ಲನ್ನೇ ಸೀಳಿ ನೆಟ್ಟ ಕಂಬಗಳು, ಮೇಲೆ ತಂತಿಯ ಚಪ್ಪರ, ಅದರಡಿ ತೂಗುವ ಕಪ್ಪು ಗೊಂಚಲು. 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ‘ಬೆಂಗಳೂರು ಬ್ಲೂ’ ಇದೇ. ವರ್ಷಕ್ಕೆ ಎರಡು ಬೆಳೆ ಕೊಡುವ ಈ ಬಳ್ಳಿಗೆ ನೀರು ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಅದು ಬರುವುದು ಕೊಳವೆಬಾವಿಯ ಆಳದಿಂದ.

ವಿಚಾರಮಾಡಬೇಕಾದ ಸಂಗತಿ ಇಲ್ಲಿದೆ. ನಂದಿಯಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಜಲಾಶಯ ಕಟ್ಟಿ ಬೆಂಗಳೂರು ತನ್ನ ದಾಹ ತೀರಿಸಿಕೊಂಡಿತು. ಇಂದು ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆನೀರು ಎರಡು ಹಂತಗಳಲ್ಲಿ ಶುದ್ಧಗೊಂಡು, ಕೊಳವೆಗಳ ಮೂಲಕ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ಏರಿಬರುತ್ತಿದೆ. ಅಂತರ್ಜಲ ಹೆಚ್ಚಲೆಂಬುದು ಯೋಜನೆಯ ಆಶಯ. ಮೂರನೆಯ ಹಂತದ ಶುದ್ಧೀಕರಣವೂ ಆಗಲೆಂಬುದು ರೈತರ ಬೇಡಿಕೆ. ಬೆಟ್ಟ ಕೊಟ್ಟದ್ದು ತಿಳಿನೀರು. ಅದನ್ನು ಕುಡಿದು ಬೆಳೆದ ನಗರವು ಮರಳಿ ಕೊಡುವಾಗ ರೈತರ ಆ ಮಾತಿಗೆ ಕಿವಿಗೊಡುವುದು ಉಪಕಾರವಲ್ಲ, ಋಣಸಂದಾಯ.