ದುಡ್ಡು ಕೊಟ್ಟು ಕೊಳ್ಳುವ ಬೂಷ್ಟು

ರೊಟ್ಟಿಗೆ ಬೂಷ್ಟು ಹಿಡಿದರೆ ಅಜ್ಜಿ ಎಸೆದುಬಿಡುತ್ತಾರೆ. ಆದರೆ ಅದರ ದಾಯಾದಿಗಳಲ್ಲಿ ಕೆಲವನ್ನು ರೈತರು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಗೊತ್ತೇ ಮಕ್ಕಳೇ?

ನಾನು ಓದಿದ್ದು ಬಿ.ಕಾಂ., ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಗುಮಾಸ್ತ. ಈ ಬೂಷ್ಟಿನ ಪರಿಚಯವಾದದ್ದೂ ಅಲ್ಲಿಯೇ. "ಸುಣ್ಣಕಟ್ಟು ಬಂದು ಹುಳು ಎಲ್ಲಾ ಹೋಯ್ತು ಸ್ವಾಮಿ, ಈ ಸಲ ಕಂತು ಕಟ್ಟಕ್ಕಾಗಲ್ಲ" ಎಂದು ರೇಷ್ಮೆ ಬೆಳೆಗಾರರು ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಆ ರೋಗ ಬಂದ ರೇಷ್ಮೆಹುಳು ಸತ್ತು, ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದಕ್ಕೆ ಶಿಲೀಂಧ್ರವೇ ಕಾರಣವೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿದರು. ಅವರ ಹೆಸರು ಸೇರಿ ಅದು ಬಿವೇರಿಯಾ ಬಾಸಿಯಾನಾ ಆಯಿತು.

ರೇಷ್ಮೆಹುಳುವನ್ನು ಕೊಲ್ಲುವಂಥದ್ದು ಕಾಫಿಯ ಕಾಯಿಕೊರಕವನ್ನು ಬಿಟ್ಟೀತೇ? ಇದರ ತಮ್ಮನಂಥದ್ದು ಮೆಟರೈಜಿಯಂ, ಹಸಿರು ಬಣ್ಣದ್ದು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳು ಗೊಬ್ಬರದ ಗುಂಡಿಯಲ್ಲಿ ಬೆಳೆಯುತ್ತವಲ್ಲ, ಅಲ್ಲಿಗೇ ಇದನ್ನು ಹಾಕುತ್ತಾರೆ. ಹುಳು ಇದನ್ನು ತಿನ್ನಬೇಕಾಗಿಲ್ಲ. ಬೀಜಕಣವೊಂದು ಮೈಗೆ ಅಂಟಿದರೆ ಸಾಕು, ಮೊಳೆತು ಚರ್ಮ ಕೊರೆದು ಒಳಗಿಳಿಯುತ್ತದೆ.

ಅಕ್ಕಿ ಬೇಯಿಸಿ ಅದರ ಮೇಲೆ ಇದನ್ನು ಬೆಳೆಸುವುದು ಅಷ್ಟೇನೂ ಕಷ್ಟವಲ್ಲ. ಪೇಚಾಟವಿರುವುದು ಪ್ಯಾಕೆಟ್ಟಿಗೆ ತುಂಬುವುದರಲ್ಲಿ. ಜೀವವಿರುವ ಸರಕು ನೋಡಿ! ತೇವ ಉಳಿದರೆ ಅಂಗಡಿಯಲ್ಲೇ ಕೆಡುತ್ತದೆ, ಸೆಕೆಗೆ ಸಾಯುತ್ತದೆ, ಬಿಸಿಲಿನ ಅತಿನೇರಳೆ ಕಿರಣಕ್ಕಂತೂ ಕೆಲವು ಗಂಟೆ ತಡೆಯುವುದೂ ಕಷ್ಟ. ಹಾಗಾಗಿ ಚೆನ್ನಾಗಿ ಒಣಗಿಸಿ ಟಾಲ್ಕ್ ಪುಡಿಯಲ್ಲೋ ಎಣ್ಣೆಯಲ್ಲೋ ಬೆರೆಸುತ್ತಾರೆ. ಈ ಕಣಗಳು ನೀರಿಗೆ ಬೆರೆಯದೆ ಮೇಲೇ ತೇಲುತ್ತವೆ, ಎಣ್ಣೆಗಾದರೆ ಸಲೀಸಾಗಿ ಬೆರೆಯುತ್ತವೆ.

"ತಾತ, ಉಪ್ಪಿನಕಾಯಿಗೆ ಬೂಷ್ಟು ಬರದಿರಲಿ ಅಂತ ತಾನೇ ಎಣ್ಣೆ ಹಾಕೋದು?" ಎಂದ ಮೊಮ್ಮಗ. ಸರಿಯಾದ ಪ್ರಶ್ನೆ. ಎಣ್ಣೆಯೊಳಗೆ ಅದು ಬೆಳೆಯುವುದಿಲ್ಲ, ಮಲಗಿರುತ್ತದೆ. ಹುಳುವಿನ ಮೈಮೇಲೂ ಮೇಣದಂಥ ಪದರವಿದೆ. ಎಣ್ಣೆಹನಿ ಅದರ ಮೇಲೆ ಹರಡಿ ಕಣವನ್ನು ಸಂದುಗೊಂದಿಗೆ ಒಯ್ಯುತ್ತದೆ. ಅಲ್ಲಿ ಅದಕ್ಕೆ ಎಚ್ಚರವಾಗುತ್ತದೆ.

ಆಫ್ರಿಕಾದ ಮಿಡತೆಗಳಿಗೆ ಮದ್ದು ಹುಡುಕಲು 1989ರಲ್ಲಿ ಹೊರಟ ವಿಜ್ಞಾನಿಗಳು ಹಿಡಿದದ್ದು ಈ ಎಣ್ಣೆಯ ದಾರಿಯನ್ನೇ. ಹಾಗೆ ಹುಟ್ಟಿದ ಮದ್ದಿನ ಹೆಸರು ಗ್ರೀನ್ ಮಸಲ್. ಒಣ ಸೀಮೆಯಲ್ಲೂ ಅದು ಕೆಲಸ ಮಾಡಿತು. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, ಸುಮಾರು 50 ಗ್ರಾಂ ಕಣ ಸಾಕು! 2009ರಲ್ಲಿ ಟಾಂಜಾನಿಯಾದಲ್ಲಿ ಕೆಂಪು ಮಿಡತೆಗಳೆದ್ದಾಗ ಆನೆ, ನೀರಾನೆಗಳಿರುವ ಕಟಾವಿ ಪ್ರದೇಶದಲ್ಲೂ ಇದನ್ನೇ ಸಿಂಪಡಿಸಿದರು.

ಆದರೆ ತಾಳ್ಮೆ ಬೇಕು. ಹುಳು ಸಾಯಲು ಒಂದು ವಾರವೋ ಎರಡು ವಾರವೋ ಹಿಡಿಯುತ್ತದೆ. ಬೆಳಿಗ್ಗೆ ಹೊಡೆದು ಸಂಜೆಗೆ ಹೆಣ ಎಣಿಸುವವರಿಗೆ ಇದು ಹಿಡಿಸುವುದಿಲ್ಲ. ತೋಟವಿರುವ ಅಜ್ಜಂದಿರು ಪ್ಯಾಕೆಟ್ಟಿನ ತಾರೀಖು ನೋಡಿ ಕೊಳ್ಳಿ, ತಂಪಾದ ಕಡೆ ಇಡಿ, ಸಂಜೆಯ ಹೊತ್ತು ಹೊಡೆಯಿರಿ. ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ.

ರೇಷ್ಮೆ ಸೀಮೆಯವರಿಗೆ ಮಾತ್ರ ಇನ್ನೊಂದು ಮಾತು. ಹಿಪ್ಪುನೇರಳೆ ತೋಟದ ಹತ್ತಿರ ಬಿವೇರಿಯಾ ಬೇಡವೇ ಬೇಡ. ಸಿಂಪಡಿಸುವ ಮುಂಚೆ, ಪಕ್ಕದ ಮನೆಯವರು ಹುಳು ಮೇಯಿಸುತ್ತಿದ್ದಾರೆಯೇ ಎಂದು ಒಮ್ಮೆ ಹೋಗಿ ಕೇಳಿ ಬನ್ನಿ.