ಚಿರಂಜೀವಿಗಳ ಬಾಳು

ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿಗೆ ಮುನ್ನ ‘ಚಿ||’ ಎಂದು ಅಚ್ಚಾಗಿರುತ್ತದೆ. ಬಹುಕಾಲ ಬಾಳಲಿ ಎಂಬುದಷ್ಟೇ ಈ ಹರಕೆಯ ಅರ್ಥ. ಸಾವೇ ಬಾರದಿರಲಿ ಎಂದಲ್ಲ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಪರಂಪರೆಯು ಎಣಿಸುವ 7 ಮಂದಿ ಚಿರಂಜೀವಿಗಳ ಕಥೆಯನ್ನು ಓದುವಾಗಲೂ ಈ ಭೇದವನ್ನು ನೆನಪಿಡಬೇಕೆಂದು ನನಗೆ ತೋರುತ್ತದೆ. ಅವರ ಆಯುಸ್ಸು ದೀರ್ಘವಾದುದು, ಆದರೆ ಒಂದೇ ಬಗೆಯದಲ್ಲ.

ಬಲಿಯ ಬಾಳು ಒಂದು ನಿರೀಕ್ಷೆ. ವಾಮನನಿಗೆ ಸರ್ವಸ್ವವನ್ನೂ ಇತ್ತು ಸುತಲಕ್ಕಿಳಿದ ಆತ, ಮುಂದೆ ಸಾವರ್ಣಿ ಮನ್ವಂತರದಲ್ಲಿ ಇಂದ್ರನಾಗುವನೆಂದು ಭಾಗವತವು ಹೇಳುತ್ತದೆ. ದೀಪಾವಳಿಯಲ್ಲಿ ತುಳುನಾಡಿನ ರೈತರು ಗದ್ದೆಯಲ್ಲಿ ದೀಪವಿರಿಸಿ ಅವನನ್ನು ಇಂದಿಗೂ ಕೂಗಿ ಕರೆಯುತ್ತಾರೆ. ಹನುಮಂತನಾದರೋ, ಲೋಕದಲ್ಲಿ ರಾಮಕಥೆ ನಡೆಯುವಷ್ಟು ಕಾಲ ತನ್ನ ಪ್ರಾಣವಿರಲಿ ಎಂದು ತಾನೇ ಬೇಡಿ ಪಡೆದವನು. ಅವನ ಆಯುಸ್ಸು ಕಥೆ ಹೇಳುವವರ ನಾಲಗೆಯ ಮೇಲಿದೆ.

ಅಶ್ವತ್ಥಾಮನದು ಇದಕ್ಕೆ ತೀರ ವಿರುದ್ಧ. ನಿದ್ರಿಸುತ್ತಿದ್ದವರನ್ನು ಇರುಳಿನಲ್ಲಿ ಕೊಂದು, ಉತ್ತರೆಯ ಗರ್ಭದ ಮೇಲೂ ಅಸ್ತ್ರವನ್ನು ತಿರುಗಿಸಿದ ಅವನಿಗೆ ಕೃಷ್ಣನು ಮರಣವನ್ನು ವಿಧಿಸಲಿಲ್ಲ. ಕೀವು ನೆತ್ತರುಗಳ ದುರ್ಗಂಧ ಹೊತ್ತು, ನಿರ್ಜನ ಪ್ರದೇಶಗಳಲ್ಲಿ 3000 ವರ್ಷ ಒಂಟಿಯಾಗಿ ಅಲೆಯಬೇಕೆಂದು ಶಪಿಸಿದನೆಂದು ಸೌಪ್ತಿಕ ಪರ್ವದಲ್ಲಿದೆ. ಶಾಪಕ್ಕೂ ಒಂದು ಅವಧಿ ಇತ್ತೆಂಬುದನ್ನು ಗಮನಿಸಿ; ಅದನ್ನು ಕಲಿಯುಗದ ಕೊನೆಯವರೆಗೆ ಬೆಳೆಸಿದ್ದು ಮುಂದಿನ ಜನರ ನಂಬಿಕೆ.

ಆ ಶಾಪದಲ್ಲಿ ನನ್ನನ್ನು ನಡುಗಿಸುವುದು ವರ್ಷಗಳ ಲೆಕ್ಕವಲ್ಲ, ಅಷ್ಟೂ ಕಾಲ ಅವನೊಡನೆ ಮಾತನಾಡುವವರು ಯಾರೂ ಇರಕೂಡದೆಂಬ ಕಟ್ಟಳೆ. ಹನುಮಂತನಿಗೆ ವರವಾದ ಆಯುಸ್ಸೇ ಇವನಿಗೆ ದಂಡನೆಯಾದದ್ದು ಹೀಗೆ.